ಬಾಯಿ ಒಣಗಿದ್ದಕ್ಕೆಲ್ಲ ನೀರೇ ಮದ್ದಲ್ಲ

ಬಾಯಾರಿಕೆ ಅನ್ನುವ ಮಾತನ್ನು ಬಿಡಿಸಿ ನೋಡಿ. ಬಾಯಿ ಆರುವುದು ಅಂತ ತಾನೆ ಅದರ ಅರ್ಥ? ಅದಕ್ಕೇ ಬಾಯಿ ಒಣಗುತ್ತಿದೆ ಅಂದರೆ ಸಾಕು, ಮನೆಮಂದಿಯೆಲ್ಲ ನೀರು ಕುಡಿ ಅನ್ನುತ್ತಾರೆ. ನಾನೂ ಏಳೆಂಟು ತಿಂಗಳು ಲೋಟಗಟ್ಟಲೆ ಕುಡಿದೆ. ಬಾಯಿ ಒಣಗುವುದು ನಿಲ್ಲಲಿಲ್ಲ. ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳುವುದು ಶುರುವಾಯಿತು, ಬಂದ ಲಾಭ ಅಷ್ಟೇ.

ನನಗೆ ಮೊದಲು ಸುಳಿವು ಕೊಟ್ಟಿದ್ದು ಕಟ್ಟಿಸಿದ ಹಲ್ಲು. ಐದು ವರ್ಷ ಗಟ್ಟಿಯಾಗಿ ಕೂತಿದ್ದ ಮೇಲಿನ ಸೆಟ್ಟು ಮಾತಿನ ಮಧ್ಯೆ ಟಕ್ ಅಂತ ಜಾರತೊಡಗಿತು. ಸೆಟ್ಟೇ ಸಡಿಲ ಆಗಿರಬೇಕು ಅಂತ ಎರಡು ಸಲ ಸರಿಮಾಡಿಸಿದೆ. ಮೂರನೇ ಸಲ ಹೋದಾಗ ಹಲ್ಲಿನ ಡಾಕ್ಟರು ತಮ್ಮ ಪುಟ್ಟ ಕನ್ನಡಿಯನ್ನು ಕೆನ್ನೆಯ ಒಳಗೆ ತಾಗಿಸಿದರು. ಅದು ಅಲ್ಲೇ ಅಂಟಿಕೊಂಡಿತು. ಎಳೆದಾಗ ಸ್ಟಿಕ್ಕರ್ ಕಿತ್ತ ಹಾಗೆ ಆಯಿತು. "ಅಮ್ಮಾ, ಸೆಟ್ಟು ಸರಿಯಾಗೇ ಇದೆ. ಅದನ್ನು ಹಿಡಿದುಕೊಳ್ಳೋಕೆ ಜೊಲ್ಲೇ ಇಲ್ಲ" ಅಂದರು.

ಜೊಲ್ಲು ಅಂದರೆ ನಮಗೆ ಅಸಹ್ಯ, ಅಲ್ವಾ? ಇರುವಷ್ಟು ದಿನ ಅದರ ಬೆಲೆ ಗೊತ್ತಾಗುವುದಿಲ್ಲ. ಸರಿಯಾಗಿರುವ ಬಾಯಲ್ಲಿ ದಿನಕ್ಕೆ ಸುಮಾರು 0.5ರಿಂದ 1.5 ಲೀಟರ್ ಜೊಲ್ಲು ಊರುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಒಂದೊಂದು ಜೋಡಿ ದೊಡ್ಡ ಗ್ರಂಥಿಗಳಿವೆ. ಹೆಚ್ಚಿನದೆಲ್ಲ ಅವುಗಳಿಂದಲೇ. ತುತ್ತನ್ನು ಜಾರಿಸುವುದು, ರುಚಿಯನ್ನು ನಾಲಿಗೆಗೆ ಮುಟ್ಟಿಸುವುದು, ಹಲ್ಲಿನ ಮೇಲೆ ಕೂತ ಹುಳಿಯನ್ನು ತೊಳೆಯುವುದು ಎಲ್ಲ ಅದರ ಕೆಲಸ. ನೀರಿಗೆ ಆ ಲೋಳೆಗುಣ ಇಲ್ಲ. ಒದ್ದೆ ಮಾಡಿ ಹೊರಟುಹೋಗುತ್ತದೆ.

ಹಾಗಾಗಿ ಮದ್ದು ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಒಂದು ವಾರ ಬರೆದಿಡಿ. ಎಷ್ಟು ಹೊತ್ತಿಗೆ ಬಾಯಿ ಒಣಗಿತು, ಅದಕ್ಕೆ ಮುಂಚೆ ಏನು ನುಂಗಿದಿರಿ, ಮೂಗು ಕಟ್ಟಿತ್ತಾ, ನೀರು ಕುಡಿದ ಮೇಲೆ ಎಷ್ಟು ಹೊತ್ತು ತಡೆಯಿತು. ಕೊನೆಯದನ್ನು ಮರೆಯಬೇಡಿ. ಒಂದೆರಡು ಲೋಟ ಕುಡಿದು ಅರ್ಧ ದಿನ ಆರಾಮಾಗಿದ್ದರೆ ಅದು ಬರೀ ದಾಹ. ಐದೇ ನಿಮಿಷಕ್ಕೆ ನಾಲಿಗೆ ಮತ್ತೆ ಅಂಗುಳಿಗೆ ಅಂಟಿದರೆ ಕೊರತೆ ಜೊಲ್ಲಿನದು ಅಂತ ನನ್ನ ಲೆಕ್ಕ.

ನನ್ನ ಹಾಳೆಯಲ್ಲಿ ಕಂಡಿದ್ದು ಏನು ಗೊತ್ತಾ? ನಡುರಾತ್ರಿಯಿಂದ ಮಧ್ಯಾಹ್ನದವರೆಗೆ ಬಾಯಿ ಮರಳುಗಾಡು, ಸಂಜೆ ಪರವಾಗಿಲ್ಲ. ರಾತ್ರಿ ಒಂಬತ್ತಕ್ಕೆ ಎರಡು ಮಾತ್ರೆ ನುಂಗುತ್ತಿದ್ದೆ. ಒಂದು ಸೀನಿಗೆ ಕೊಟ್ಟ ಅಲರ್ಜಿ ಮಾತ್ರೆ. ಹದಿನೈದು ದಿನಕ್ಕೆ ಅಂತ ಬರೆದುಕೊಟ್ಟಿದ್ದನ್ನು ನಿದ್ದೆ ಚೆನ್ನಾಗಿ ಬರುತ್ತದೆ ಅಂತ ವರ್ಷವಿಡೀ ತಗೊಂಡಿದ್ದೆ. ತಪ್ಪು ನನ್ನದೇ. ಇನ್ನೊಂದು ಪದೇ ಪದೇ ಮೂತ್ರಕ್ಕೆ ಅವಸರ ಆಗದಿರಲಿ ಅಂತ ಕೊಟ್ಟಿದ್ದು. ಎರಡೂ ಜೊಲ್ಲು ಒಣಗಿಸುವ ಜಾತಿಯವು, ಜೊತೆಗೆ ಸೇರಿದರೆ ಕೇಳಬೇಕೇ? ಬಾಯಿ ಒಣಗಿತು ಅಂತ ನೀರು, ನೀರು ಜಾಸ್ತಿ ಆಯಿತು ಅಂತ ಬಚ್ಚಲು, ಬಚ್ಚಲಿಗೆ ಏಳುತ್ತೇನೆ ಅಂತ ಮಾತ್ರೆ. ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆ. ಡಾಕ್ಟರು ಮೊದಲನೆಯದನ್ನು ನಿಲ್ಲಿಸಿ ಎರಡನೆಯದನ್ನು ಬದಲಾಯಿಸಿದರು. ಎರಡು ವಾರದಲ್ಲಿ ಸೆಟ್ಟು ಮತ್ತೆ ಗಟ್ಟಿಯಾಗಿ ಕೂತಿತು.

ವಯಸ್ಸಾದ ಮೇಲೆ ಬಾಯಿ ಒಣಗುವುದು ಸಹಜ ಅಂತ ಸುಮ್ಮನಾಗುವವರೇ ಜಾಸ್ತಿ. ಬರೀ ವಯಸ್ಸಿಗೆ ಅಷ್ಟೊಂದು ಒಣಗುವುದಿಲ್ಲ. ವಯಸ್ಸಿನ ಜೊತೆ ಮನೆಗೆ ಬಂದು ಸೇರುವ ಮಾತ್ರೆ ಡಬ್ಬಿಯದ್ದೇ ಹೆಚ್ಚಿನ ಪಾಲು. ನೆಗಡಿ, ಅಲರ್ಜಿ, ಖಿನ್ನತೆ, ನೋವಿನ ಬಲವಾದ ಮಾತ್ರೆಗಳು, ರಕ್ತದೊತ್ತಡಕ್ಕೆ ಕೊಡುವ ಕೆಲವು, ಮೈಯ ನೀರು ಇಳಿಸುವ ಮಾತ್ರೆ, ಹೀಗೆ ನೂರಾರು ಔಷಧಿಗಳಿಗೆ ಈ ಗುಣ ಇದೆ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ. ಕೆಲವನ್ನು ತಟ್ಟನೆ ಬಿಟ್ಟರೆ ಬಾಯಿಗಿಂತ ದೊಡ್ಡ ತೊಂದರೆ ಆಗುತ್ತದೆ. ಡಬ್ಬಿ ಸಮೇತ, ಹಾಳೆ ಸಮೇತ ಡಾಕ್ಟರ ಮುಂದೆ ಇಡಿ. ಪ್ರಮಾಣವನ್ನೋ, ಹೊತ್ತನ್ನೋ, ಮಾತ್ರೆಯನ್ನೋ ಅವರು ಬದಲಾಯಿಸುತ್ತಾರೆ. ಅಂಗಡಿಯಲ್ಲಿ ಚೀಟಿ ಇಲ್ಲದೆ ತಂದ ಮಾತ್ರೆಯನ್ನೂ ಹೇಳಿ. ನಾವು ಮುಚ್ಚಿಡುವುದು ಅದನ್ನೇ.

ಬೆಳಿಗ್ಗೆ ಏಳುವಾಗ ಮಾತ್ರ ಒಣಗಿದ್ದು, ತಿಂಡಿ ಹೊತ್ತಿಗೆ ಸರಿಹೋದರೆ ಮೂಗನ್ನು ಹಿಡಿಯಿರಿ. ರಾತ್ರಿ ಜೊಲ್ಲು ಹೇಗೂ ಕಡಿಮೆ, ಅದರ ಮೇಲೆ ಬಾಯಿ ತೆರೆದು ಉಸಿರಾಡಿದರೆ ಇದ್ದಷ್ಟೂ ಆರಿಹೋಗುತ್ತದೆ. ಮಲಗುವ ಮುಂಚೆ ಒಂದೊಂದೇ ಹೊಳ್ಳೆ ಮುಚ್ಚಿ ಉಸಿರೆಳೆದು ನೋಡಿ. ಕಟ್ಟಿದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಮಾಡಿದ ಉಪ್ಪುನೀರಿನಿಂದ ಮೂಗು ತೊಳೆಯಿರಿ. ತಲೆ ಸ್ವಲ್ಪ ಎತ್ತರಿಸಿ, ಮಗ್ಗುಲಾಗಿ ಮಲಗಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೇಡ. ಮೂಗು ಬಿಡಿಸುವ ಸ್ಪ್ರೇ ನಾಲ್ಕೈದು ದಿನಕ್ಕಿಂತ ಜಾಸ್ತಿ ಹಾಕಬೇಡಿ, ಆಮೇಲೆ ಅದೇ ಮೂಗು ಕಟ್ಟಿಸುತ್ತದೆ. ಜೋರು ಗೊರಕೆ, ನಡುವೆ ಉಸಿರು ನಿಂತ ಹಾಗೆ ಆಗುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಗೊರಕೆ ಹೊಡೆಯುವವರು ತಾವು ಹೊಡೆಯುವುದಿಲ್ಲ ಅಂತಲೇ ವಾದಿಸುತ್ತಾರೆ. ಪಕ್ಕದಲ್ಲಿ ಮಲಗುವವರನ್ನು ಕೇಳಿ.

ಮಾತ್ರೆಯೂ ಇಲ್ಲ, ಮೂಗೂ ಸರಿಯಿದೆ, ಆದರೂ ದಿನವಿಡೀ ಒಣಗುತ್ತದೆ ಅಂದರೆ ಒಳಗಿನ ಕಾಯಿಲೆ ಹುಡುಕಿಸಬೇಕು. ದಾಹವೂ ಜಾಸ್ತಿ, ಮೂತ್ರವೂ ಜಾಸ್ತಿ, ಜೊತೆಗೆ ಸುಸ್ತು, ತೂಕ ಇಳಿಯುವುದು ಇದ್ದರೆ ಮೊದಲು ರಕ್ತದ ಸಕ್ಕರೆ ನೋಡಿಸಿ. ಬಾಯಿಯ ಜೊತೆ ಕಣ್ಣೂ ಒಣಗಿ, ಮರಳು ಬಿದ್ದ ಹಾಗೆ ಚುಚ್ಚಿ, ಕೀಲೂ ನೋಯುತ್ತಿದ್ದರೆ ಷೋಗ್ರೆನ್ ಅನ್ನುವ ಕಾಯಿಲೆ ಇರಬಹುದು. ಮೈಯ ರಕ್ಷಣಾ ಶಕ್ತಿಯೇ ಜೊಲ್ಲಿನ, ಕಣ್ಣೀರಿನ ಗ್ರಂಥಿಗಳ ಮೇಲೆ ತಿರುಗಿ ಬೀಳುವುದು ಅದು. ಹೆಂಗಸರಲ್ಲಿ ಹೆಚ್ಚು. ತಲೆ, ಕುತ್ತಿಗೆಗೆ ರೇಡಿಯೇಶನ್ ಆದವರಿಗೆ ಕಾರಣ ಬೇರೆ ಹುಡುಕಬೇಕಾಗಿಲ್ಲ. ಅಂಥವರಿಗೆ ಜೊಲ್ಲು ಬರಿಸುವ ಮಾತ್ರೆಗಳೂ ಇವೆ, ಆದರೆ ಅವು ಚೀಟಿ ಮೇಲೆ ಮಾತ್ರ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಮನೆಯಲ್ಲೇ ಒಂದು ಅಳತೆ ಮಾಡಿಕೊಳ್ಳಬಹುದು. ಒಂದು ಗಂಟೆ ಏನೂ ತಿನ್ನದೆ ಕುಡಿಯದೆ ಇದ್ದು, ತಲೆ ಬಗ್ಗಿಸಿ ಕೂತು 15 ನಿಮಿಷ ಊರಿದ ಜೊಲ್ಲನ್ನೆಲ್ಲ ಪುಟ್ಟ ಬಟ್ಟಲಿಗೆ ಬಿಡಿ, ನುಂಗಬೇಡಿ. ನೊರೆ ಇಳಿದ ಮೇಲೆ ಔಷಧಿ ಅಳೆಯುವ ಸಿರಿಂಜಿನಲ್ಲಿ ಎಳೆದು ನೋಡಿ. 1.5 ಮಿಲಿಲೀಟರಿಗಿಂತ ಕಡಿಮೆ ಇದ್ದರೆ ನಿಜಕ್ಕೂ ಕೊರತೆ ಇದೆ ಅಂತ. ನಾನು ಹೀಗೆ ಕೂತಿದ್ದನ್ನು ನೋಡಿ ಮೊಮ್ಮಗಳು ನಕ್ಕು ನಕ್ಕು ಬಿದ್ದಳು. ನಗಲಿ, ನನ್ನದು ಒಂದು ಮಿಲಿಲೀಟರೂ ಇರಲಿಲ್ಲ.

ಕಾರಣ ಸಿಕ್ಕಿ ಸರಿಹೋಗುವವರೆಗೆ ಬಾಯಿಯನ್ನು ನೋಡಿಕೊಳ್ಳಬೇಕಲ್ಲ. ನೀರನ್ನು ಗಟಗಟ ಕುಡಿಯುವ ಬದಲು ಆಗಾಗ ಒಂದು ಗುಟುಕು ಬಾಯಲ್ಲಿಟ್ಟು, ನಾಲಿಗೆಯಡಿ ಆಡಿಸಿ, ನುಂಗಿ. ಒಣ ತಿಂಡಿಗೆ ಜೊತೆಯಲ್ಲಿ ತೆಳ್ಳಗಿರುವುದು ಏನಾದರೂ ಇರಲಿ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗಿದರೆ ಗ್ರಂಥಿಗೆ ಕೆಲಸ ಸಿಕ್ಕಿ ಜೊಲ್ಲು ಊರುತ್ತದೆ. ಹಲ್ಲು ಸೆಟ್ಟಿನವರು ಸಕ್ಕರೆ ಇಲ್ಲದ ಪೆಪ್ಪರ್‌ಮಿಂಟ್ ಚೀಪಬಹುದು. ಹುಳಿ ಚೀಪಿದರೆ ಜೊಲ್ಲು ಬರುತ್ತದೆ ನಿಜ, ಆದರೆ ಕಾಯುವ ಜೊಲ್ಲಿಲ್ಲದ ಹಲ್ಲನ್ನು ಅದೇ ಹುಳಿ ತಿನ್ನುತ್ತದೆ. ಸಾಮಾನ್ಯ ಮಿಠಾಯಿಯೂ ಬೇಡ. ಆಲ್ಕೋಹಾಲ್ ಇರುವ ಬಾಯಿ ತೊಳೆಯುವ ದ್ರವ ಘಮಘಮ ಅನ್ನಿಸಿ ಇನ್ನಷ್ಟು ಒಣಗಿಸುತ್ತದೆ. ತಂಬಾಕು, ಮದ್ಯದ ಬಗ್ಗೆ ಹೇಳುವುದೇ ಬೇಡ. ಅಂಗಡಿಯಲ್ಲಿ ಸಿಗುವ ಕೃತಕ ಜೊಲ್ಲಿನ ಜೆಲ್ಲನ್ನು ಮಲಗುವಾಗ ನಾಲಿಗೆಗೆ, ವಸಡಿಗೆ ಹಚ್ಚಿಕೊಂಡರೆ ಒಂದಷ್ಟು ಹೊತ್ತು ನಿದ್ದೆ ಬರುತ್ತದೆ.

ಒಣಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ, ಅದರಲ್ಲೂ ವಸಡಿನ ಅಂಚಿನಲ್ಲಿ. ಫ್ಲೋರೈಡ್ ಇರುವ ಪೇಸ್ಟಿನಲ್ಲಿ ಎರಡು ಹೊತ್ತು ಉಜ್ಜಿ, ನೊರೆ ಉಗುಳಿ, ನೀರಿನಲ್ಲಿ ಮುಕ್ಕಳಿಸದೆ ಹಾಗೇ ಬಿಡಿ. ಸೆಟ್ಟನ್ನು ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿಡಿ. ನಾಲಿಗೆ ಕೆಂಪಾಗಿ ಉರಿಯುತ್ತಿದ್ದರೆ, ಬಿಳಿ ಪದರ ಕಂಡರೆ, ಬಾಯಿಯ ಮೂಲೆ ಸೀಳುತ್ತಿದ್ದರೆ ಬೂಷ್ಟಿನ ಸೋಂಕು ಇರಬಹುದು. ಅದಕ್ಕೆ ಬೇರೆ ಔಷಧಿ ಬೇಕು, ತುಪ್ಪ ಹಚ್ಚಿ ಕಾಯಬೇಡಿ. ಊಟದ ಹೊತ್ತಿಗೆ ಸರಿಯಾಗಿ ದವಡೆಯ ಕೆಳಗೆ ಊದಿ ನೋವು ಬಂದರೆ ಜೊಲ್ಲಿನ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು, ತೋರಿಸಿ.

ಇನ್ನೊಂದು ಮಾತು, ಮನೆಯಲ್ಲಿ ನಾಯಿ ಇದ್ದವರಿಗೆ. ಸಕ್ಕರೆ ಇಲ್ಲದ ಗಮ್ಮಿನಲ್ಲಿ ಹಾಕುವ ಕ್ಸೈಲಿಟಾಲ್ ನಮ್ಮ ಹಲ್ಲಿಗೆ ಒಳ್ಳೆಯದು, ನಾಯಿಗೆ ವಿಷ. ಪೊಟ್ಟಣವನ್ನು ದಿಂಬಿನ ಪಕ್ಕ ಬಿಡದೆ ಡ್ರಾಯರಿನಲ್ಲಿಡಿ.