ಕಳ್ಳನೂ ಹಾಳೆ ಟೋಪಿ ಹಾಕ್ಕೊಂಡು ಬಂದ್ರೆ?

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಕಡೆ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಇಲ್ಲಿ ಬೇಸಿಗೆ ಹತ್ತಿರ ಬಂತೆಂದರೆ ಮಂಗನ ಕಾಯಿಲೆಯ ಮಾತು ಶುರು. ಉಣುಗು ಕಚ್ಚಿ ಬರುವ ಜ್ವರ ಅದು. ಕೊಟ್ಟಿಗೆಗೆ ಸೊಪ್ಪು ತರಲು ಕಾಡಿಗೆ ಹೋಗುವವರ ಮನೆಯ ಮಕ್ಕಳೇ ನನ್ನ ಮುಂದೆ ಕೂತಿರುತ್ತಾರೆ. ಆದರೂ ಎಷ್ಟೋ ವರ್ಷ ರೋಗನಿರೋಧಕ ಶಕ್ತಿಯ ಪಾಠವನ್ನು ಬರೀ ಹೆಸರುಗಳ ಪಟ್ಟಿಯಾಗಿ ಬರೆಸಿದೆ. ಮಕ್ಕಳು ಬಾಯಿಪಾಠ ಮಾಡಿದರು, ಅಷ್ಟೇ.

ಒಂದು ದಿನ ಅಡಿಕೆ ಹಾಳೆಯ ಟೋಪಿ ಹಿಡಿದುಕೊಂಡು ಕ್ಲಾಸಿಗೆ ಹೋದೆ. ಜೀವಕೋಶಕ್ಕೆ ಕಣ್ಣಿಲ್ಲ. ಒಳಗೆ ಬಂದದ್ದು ವೈರಸ್ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಪ್ರೋಟೀನ್ ಮಾಡುವ ಸಂದೇಶ ಹೊತ್ತೊಯ್ಯುವ ನಮ್ಮ ಎಂಆರ್‌ಎನ್‌ಎ ತುದಿಗೆ ಒಂದು ಟೋಪಿ ಇರುತ್ತದೆ. ವಿಜ್ಞಾನಿಗಳೂ ಅದನ್ನು ಕ್ಯಾಪ್ ಅಂತಲೇ ಕರೆಯುತ್ತಾರೆ. ಎಷ್ಟೋ ವೈರಸ್‌ಗಳ ಆರ್‌ಎನ್‌ಎ ತುದಿ ಬೋಳು, ಮೂರು ಫಾಸ್ಫೇಟ್ ಹಾಗೇ ಹೊರಗೆ ಕಾಣುತ್ತವೆ. ರಿಗ್-ಐ ಎಂಬ ಪ್ರೋಟೀನ್ ಆ ಬೋಳು ತುದಿಯನ್ನು ಹಿಡಿಯುತ್ತದೆ.

ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಮೇಡಂ, ಕಳ್ಳನೂ ಹಾಳೆ ಟೋಪಿ ಹಾಕ್ಕೊಂಡು ಬಂದ್ರೆ?"

ಎಂಥಾ ಪ್ರಶ್ನೆ! ಮಂಗನ ಕಾಯಿಲೆ ವೈರಸ್ ಮಾಡುವುದೇ ಅದನ್ನು. ಅದು ಡೆಂಗಿ ವೈರಸ್‌ನ ಬಳಗದ್ದು. ಈ ಬಳಗದವು ತಮ್ಮ ಆರ್‌ಎನ್‌ಎಗೆ ತಾವೇ ಟೋಪಿ ಮಾಡಿಕೊಳ್ಳುತ್ತವೆ. ಆದರೆ ನಕಲು ತೆಗೆಯುವಾಗ ಆರ್‌ಎನ್‌ಎ ಉದ್ದಕ್ಕೂ ಎರಡೆಳೆಯಾಗುತ್ತದೆ. ಆರೋಗ್ಯವಾಗಿರುವ ಕೋಶದ ರಸದಲ್ಲಿ ಅಷ್ಟುದ್ದದ ಎರಡೆಳೆ ಆರ್‌ಎನ್‌ಎ ಸಿಗುವುದು ತೀರಾ ಅಪರೂಪ. ಎಂಡಿಎ-5 ಎಂಬ ಇನ್ನೊಂದು ಪ್ರೋಟೀನ್ ಹಿಡಿಯುವುದು ಅದನ್ನೇ. ಹೀಗಾಗಿ ಈ ವೈರಸ್‌ಗಳು ಕೋಶದೊಳಗಿನ ಪೊರೆಯ ಮಡಿಕೆಯಲ್ಲಿ ಅವಿತು ನಕಲು ತೆಗೆಯುತ್ತವೆ. ಅಲ್ಲಿ ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳಬಹುದು.

ಡಿಎನ್‌ಎ ವೈರಸ್ ಆದರೆ ಬೇರೆ ಲೆಕ್ಕ. ಡಿಎನ್‌ಎ ನಮ್ಮಲ್ಲೂ ಇದೆ, ಆದರೆ ಅದರ ಜಾಗ ಮುಖ್ಯವಾಗಿ ನ್ಯೂಕ್ಲಿಯಸ್. ಅದು ಕೋಶರಸದಲ್ಲಿ ಕಂಡರೆ ಸಿ-ಗ್ಯಾಸ್ ಎಂಬ ಪ್ರೋಟೀನ್ ಎದ್ದು ಕೂರುತ್ತದೆ. ದೇವರ ಕೋಣೆಯಲ್ಲಿ ಚಪ್ಪಲಿ ಕಂಡ ಹಾಗೆ.

ರಿಗ್-ಐ, ಎಂಡಿಎ-5 ಕೊಟ್ಟ ಸುದ್ದಿ ಮೈಟೊಕಾಂಡ್ರಿಯದ ಮೇಲಿರುವ ಮ್ಯಾವ್ಸ್ ಎಂಬ ಪ್ರೋಟೀನಿಗೆ ಮುಟ್ಟುತ್ತದೆ. ಆಮೇಲೆ ಇಂಟರ್‌ಫೆರಾನ್ ಎಂಬ ಸಂಕೇತದ ಪ್ರೋಟೀನ್ ಹೊರಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ಜೊತೆಗೆ ಉರಿಯೂತದ ಸಂಕೇತಗಳೂ ಹೊರಡುತ್ತವೆ, ಅವು ಮಿದುಳಿಗೆ ಮುಟ್ಟಿದರೆ ಜ್ವರ. ಇಂಟರ್‌ಫೆರಾನ್ ಲಂಡನ್ನಿನಲ್ಲಿ ಪತ್ತೆಯಾದದ್ದು 1957ರಲ್ಲಿ. ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದೂ ಅದೇ ವರ್ಷ. ಇದನ್ನು ಹೇಳುವಾಗ ಪ್ರತಿ ಸಲವೂ ನನಗೆ ಮೈ ಜುಮ್ಮೆನ್ನುತ್ತದೆ.

ಕ್ಲಾಸ್ ಮುಗಿದ ಮೇಲೆ ಒಬ್ಬ ಹುಡುಗ ಹತ್ತಿರ ಬಂದ. "ಹಾಗಾದ್ರೆ ಅಜ್ಜಿಗೆ ಜ್ವರ ತರಿಸಿದ್ದು ಅಜ್ಜಿಯ ಮೈನೇ ಅಲ್ವಾ ಮೇಡಂ?"

"ಹೌದು ಕಣೋ, ಮೈ ಕೂಗಿ ಹೇಳ್ತಾ ಇರುತ್ತೆ. ಕೇಳಿಸ್ಕೊಂಡು ಸುಮ್ನೆ ಕೂರಬಾರ್ದು. ಕಾಡಿಗೆ ಹೋಗಿ ಬಂದೋರಿಗೆ ಜ್ವರ ಬಂದ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗು" ಎಂದೆ.