ಪ್ರಾರ್ಥನೆಗೆ ಕೂತರೆ ಮನಸ್ಸು ಒಣಗಿದಂತಿದೆಯಾ? ಮೊದಲು ಅದು ಯಾವ ಬರ ಅಂತ ನೋಡಿ

2022ರ ಜೂನ್ ತಿಂಗಳ ಒಂದು ಬೆಳಿಗ್ಗೆ ಎಂದಿನಂತೆ ಐದೂವರೆಗೆ ಎದ್ದು ಮಂಚದ ಪಕ್ಕ ಮೊಣಕಾಲೂರಿದೆ. ಬಾಯಿಗೆ ಮಾತೇ ಬರಲಿಲ್ಲ. ದುಃಖ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ಕೂತ ಹಾಗಿತ್ತು, ಅಷ್ಟೇ. ನಾಳೆ ಸರಿಹೋಗುತ್ತೆ ಅಂದುಕೊಂಡೆ. ಸರಿಹೋಗಲು 14 ತಿಂಗಳು ಹಿಡಿಯಿತು.

ನಾನು ಗದಗ ಸೀಮೆಯವಳು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸುತ್ತಿದ್ದೇನೆ. ಆ 14 ತಿಂಗಳಲ್ಲಿ ಏನು ಮಾಡಿದೆ, ಏನು ಮಾಡಬಾರದಿತ್ತು ಅನ್ನುವುದನ್ನು ಹೇಳುತ್ತೇನೆ. ಇಂಥ ದಿನಗಳಲ್ಲಿ ಇರುವವರಿಗೆ ಉಪದೇಶ ಬೇಕಾಗಿರುವುದಿಲ್ಲ. ಮುಂದಿನ ಹೆಜ್ಜೆ ಎಲ್ಲಿಡಬೇಕು ಅಂತ ಯಾರಾದರೂ ತೋರಿಸಿದರೆ ಸಾಕಾಗಿರುತ್ತದೆ.

ಮೊದಲು ಮೈ ನೋಡಿಕೊಳ್ಳಿ. ನಾನು ಇದನ್ನು ಮೊದಲು ಮಾಡಲಿಲ್ಲ, ನಾಲ್ಕು ತಿಂಗಳು ಕಳೆದ ಮೇಲೆ ಮಾಡಿದೆ. ಅಲ್ಲಿಯವರೆಗೆ ಸಿಕ್ಕ ಸಿಕ್ಕ ಉಪವಾಸ ಪ್ರಾರ್ಥನೆಗೆಲ್ಲ ಹೋದೆ. ರಾತ್ರಿ ಹನ್ನೆರಡರವರೆಗೆ ಮೊಬೈಲಿನಲ್ಲಿ ಪ್ರಸಂಗ ಕೇಳಿದೆ. ಒಂದು ಕೂಟದಲ್ಲಿ ಹೊರಗಿನಿಂದ ಬಂದ ಬೋಧಕರೊಬ್ಬರು ಎಲ್ಲರೆದುರು ನನ್ನ ತಲೆ ಮೇಲೆ ಕೈಯಿಟ್ಟು, "ನಿನ್ನಲ್ಲಿ ಮುಚ್ಚಿಟ್ಟ ಪಾಪ ಇದೆ" ಅಂದರು. ಮನೆಗೆ ಬಂದು ಎರಡು ದಿನ ಊಟ ಸೇರಲಿಲ್ಲ. ಕಡೆಗೆ ನನ್ನ ಮಗಳೇ ಬಲವಂತ ಮಾಡಿ ರಕ್ತ ಪರೀಕ್ಷೆ ಮಾಡಿಸಿದಳು. ಥೈರಾಯ್ಡ್ ತೊಂದರೆ ಇತ್ತು. ಗುಳಿಗೆ ಶುರುವಾಗಿ ಎರಡು ತಿಂಗಳಿಗೆ ಸುಸ್ತು ಇಳಿಯಿತು, ನಿದ್ದೆ ಬಂತು, ಕಾಲು ಭಾಗದಷ್ಟು ಭಾರ ಅಲ್ಲೇ ಕಳೆಯಿತು.

ಪ್ರವಾದಿ ಎಲೀಯನ ಕಥೆ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆ! ಸತ್ಯವೇದದ ಒಂದನೇ ಅರಸುಗಳ ಪುಸ್ತಕದ 18ನೇ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಯುತ್ತದೆ. ಮುಂದಿನ ಅಧ್ಯಾಯದಲ್ಲೇ ಅದೇ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಬುಡಕ್ಕೆ ಕೂತು, ಸಾಕಾಯಿತು, ಪ್ರಾಣ ತೆಗೆದುಕೋ ಅನ್ನುತ್ತಾನೆ. ಆಗ ದೂತ ಬಂದು ಬೈಯಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ತಂದಿಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮತ್ತೊಂದು ಸಲ ಎಬ್ಬಿಸಿ ಉಣ್ಣಿಸಿದ. ದೇವರ ಸಣ್ಣ ದನಿ ಅವನಿಗೆ ಕೇಳಿಸಿದ್ದು ಆಮೇಲೆ. ಹಾಗಾಗಿ ನಿದ್ದೆ, ಊಟ, ಸಕ್ಕರೆ ಕಾಯಿಲೆ, ಮುಟ್ಟು ನಿಲ್ಲುವ ವಯಸ್ಸು, ಇತ್ತೀಚೆಗೆ ಆದ ಸಾವು, ಇದೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಿ. ಯಾವುದರಲ್ಲೂ ಆಸಕ್ತಿ ಇಲ್ಲದೆ ವಾರಗಟ್ಟಲೆ ಹಾಗೇ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಬದುಕೇ ಬೇಡ ಅನಿಸಿದರಂತೂ ಅವತ್ತೇ ಯಾರಿಗಾದರೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಇದು ವಿಶ್ವಾಸದ ಕೊರತೆ ಅಲ್ಲವೇ ಅಲ್ಲ.

ಆಮೇಲೆ, ಯಾರ ಜೊತೆಗಾದರೂ ಮನಸ್ಸು ಮುರಿದಿದೆಯಾ ಅಂತ ನೋಡಿ. ಪಾಪ ಮುಚ್ಚಿಟ್ಟಾಗ ಬೇಸಿಗೆಯ ಬಿಸಿಲಿಗೆ ನೀರು ಇಂಗಿದ ಹಾಗೆ ತನ್ನ ಸಾರವೆಲ್ಲ ಇಂಗಿತು ಅಂತ ದಾವೀದ 32ನೇ ಕೀರ್ತನೆಯಲ್ಲಿ ಹೇಳುತ್ತಾನೆ. ಹಾಗಾದರೆ ಆ ಬೋಧಕರು ಹೇಳಿದ್ದು ಸರಿಯಾ? ಅಲ್ಲ. ಒಣಗಿದವರೆಲ್ಲ ಪಾಪ ಮುಚ್ಚಿಟ್ಟವರಲ್ಲ, ಮತ್ತೆ ಅದನ್ನು ಹುಡುಕಬೇಕಾದ್ದು ನಾಲ್ಕು ಜನರ ಎದುರಲ್ಲೂ ಅಲ್ಲ. ಒಬ್ಬರೇ ಕೂತು, ಒಂದೇ ಸಲ, ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಏನೂ ಸಿಗದಿದ್ದರೆ ಎದ್ದುಬಿಡಿ. ದಿನಾ ಗಾಯ ಕೆರೆಯುತ್ತಾ ಕೂರಬೇಡಿ.

ನನಗೆ ಒಂದು ಸಿಕ್ಕಿತು. ಹಿಂದಿನ ವರ್ಷ ಅವ್ವ ತೀರಿಕೊಂಡ ಮೇಲೆ ಅವಳ ಎರಡು ಬಳೆಗಳ ವಿಷಯಕ್ಕೆ ತಂಗಿಯ ಜೊತೆ ಮಾತು ಬಿಟ್ಟಿದ್ದೆ. ಬಲಿಪೀಠದ ಮುಂದೆ ನಿಂತಾಗ ಸಹೋದರನ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು ಅಂತ ಯೇಸು ಹೇಳಿದ್ದು ಗೊತ್ತೇ ಇತ್ತು. ಆದರೂ ಫೋನ್ ಕೈಗೆತ್ತಿಕೊಂಡು ಇಟ್ಟಿದ್ದು ಮೂರು ಸಲ. ನಾಲ್ಕನೇ ಸಲ ಹಚ್ಚಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಅಕ್ಕಾ, ಊಟ ಆತೇನ?" ಅಂದಳು. ನಾನು ಅತ್ತುಬಿಟ್ಟೆ. ಬಳೆ ಈಗ ಅವಳ ಹತ್ತಿರವೇ ಇವೆ.

ಇಷ್ಟಾದ ಮೇಲೂ ಪ್ರಾರ್ಥನೆಗೆ ಕೂತರೆ ಅದೇ ಗೋಡೆ. ಇದು ಮೂರನೇ ಥರದ ಬರ. ಮೈ ಸರಿಯಿದೆ, ಮನಸ್ಸಾಕ್ಷಿ ಚುಚ್ಚುತ್ತಿಲ್ಲ, ಆದರೂ ದೇವರು ಇದ್ದಾನೆ ಅನಿಸುವುದಿಲ್ಲ. ಇದಕ್ಕೆ ಕಾರಣ ಹುಡುಕಿ ಸೋತೆ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಅಚ್ಚಾದಾಗ ಲೋಕಕ್ಕೆ ಗೊತ್ತಾಯಿತಲ್ಲ, ಸುಮಾರು 50 ವರ್ಷ ಅವರು ಒಳಗೆ ಇಂಥದ್ದೇ ಕತ್ತಲೆ ಹೊತ್ತು ನಡೆದಿದ್ದರು. ಅಷ್ಟೂ ದಿನ ಕೋಲ್ಕತ್ತದ ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತುತ್ತಲೇ ಇದ್ದರು.

ಇಲ್ಲಿ ನಮ್ಮ ಅಪ್ಪನ ಹೊಲದ ಮಾತು ಹೇಳಲೇಬೇಕು. ನಮ್ಮದು ಎರೆ ಹೊಲ. ಹಿಂಗಾರಿ ಜೋಳ ಬಿತ್ತಿದ ಮೇಲೆ ಎಷ್ಟೋ ವರ್ಷ ಒಂದು ಹನಿಯೂ ಬೀಳುತ್ತಿರಲಿಲ್ಲ. ಡಿಸೆಂಬರಿನಲ್ಲಿ ಮೇಲ್ಮಣ್ಣು ಬೂದಿಯಂತಾಗಿ, ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ ಬೆಳೆ ಸತ್ತು ಹೋಗುತ್ತೆ ಅಂತ ಅಳುತ್ತಿದ್ದೆ. ಅಪ್ಪ ಕುಕ್ಕರುಗಾಲಲ್ಲಿ ಕೂತು ಒಂದೂವರೆ ಗೇಣು ಬಗೆದು, ಕೆಳಗಿನ ಕರಿಮಣ್ಣು ತೆಗೆದು ನನ್ನ ಅಂಗೈಯಲ್ಲಿಟ್ಟ. ತಣ್ಣಗಿತ್ತು. ಹಿಸುಕಿದರೆ ಉಂಡೆಯಾಯಿತು. "ಹಸಿ ಐತಿ, ಅಂಜಬ್ಯಾಡ" ಅಂದ. ಆಮೇಲೆ ಎತ್ತು ಹೂಡಿ ಎಡೆ ಹೊಡೆಯಲು, ಅಂದರೆ ಬೆಳೆಯ ಸಾಲುಗಳ ನಡುವಿನ ಮೇಲ್ಮಣ್ಣು ಸಡಿಲಿಸಲು ಹೋದ. ಎಡೆ ಹೊಡೆದರೆ ಮಳೆ ಬರುವುದಿಲ್ಲ. ಬಿರುಕು ಮುಚ್ಚಿ ಕೆಳಗಿನ ಹಸಿ ಆರದಂತೆ ಉಳಿಯುತ್ತದೆ. ಆ ಹಸಿಯ ಮೇಲೇ ಜೋಳ ತೆನೆ ಹಿಡಿಯುತ್ತದೆ.

ಮೊದಲ ನಾಲ್ಕು ತಿಂಗಳು ನಾನು ಮಳೆ ತರಿಸಲು ಒದ್ದಾಡಿದ್ದೆ. ಆಮೇಲೆ ಎಡೆ ಹೊಡೆಯುವುದನ್ನು ಕಲಿತೆ. ಹೇಗೆ ಅಂದರೆ, ಪ್ರಾರ್ಥನೆಯನ್ನು ಹತ್ತೇ ನಿಮಿಷಕ್ಕೆ ಇಳಿಸಿದೆ, ಆದರೆ ಒಂದು ದಿನವೂ ಬಿಡಲಿಲ್ಲ. ಅಲಾರಂ ಇಟ್ಟೆ. ಸ್ವಂತ ಮಾತು ಬರುತ್ತಿರಲಿಲ್ಲ, ಸಾಲದ ಮಾತು ತಂದೆ. ಕರ್ತನ ಪ್ರಾರ್ಥನೆಯನ್ನು ಒಂದೊಂದೇ ಸಾಲು, ಉಸಿರು ಬಿಟ್ಟು ಬಿಟ್ಟು ಹೇಳಿದೆ. ದಿನಕ್ಕೊಂದು ಕೀರ್ತನೆ ದನಿ ತೆಗೆದು ಓದಿದೆ. ಶಿಲುಬೆಯ ಮೇಲೆ ಯೇಸುವೇ 22ನೇ ಕೀರ್ತನೆಯ ಮಾತಿನಲ್ಲಿ ಕೂಗಿದನಲ್ಲ, ನನ್ನನ್ನು ಯಾಕೆ ಕೈಬಿಟ್ಟೆ ಅಂತ. ಅವನೇ ಹಳೆಯ ಮಾತು ತೆಗೆದುಕೊಂಡ ಮೇಲೆ ನಮಗೇನು ನಾಚಿಕೆ? 42 ಮತ್ತು 43 ಒಟ್ಟಿಗೆ ಓದಿ, ಅಲ್ಲಿ ಕೀರ್ತನೆಗಾರ ತನ್ನ ಮನಸ್ಸನ್ನೇ ಯಾಕೆ ಕುಗ್ಗಿದ್ದೀ ಅಂತ ಮೂರು ಸಲ ಕೇಳುತ್ತಾನೆ. ಕೆಟ್ಟ ದಿನಗಳಿಗೆ 88 ಇದೆ. ಅದು ಸ್ತುತಿಯಲ್ಲಿ ಮುಗಿಯುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದೊಂದು ಕೀರ್ತನೆ ಸತ್ಯವೇದದೊಳಗೇ ಇದೆ ಅನ್ನುವುದು ನನಗೆ ದೊಡ್ಡ ಸಮಾಧಾನ ಕೊಟ್ಟಿತು.

ಒಂದು ನೋಟ್‌ಬುಕ್ ಇಡಿ. ಅನುಭವ ಬರೆಯಬೇಡಿ, ಇಲ್ಲದ ಅನುಭವವನ್ನು ಬರೆಯಲು ಹೋಗಿ ಮತ್ತೆ ಕುಗ್ಗುತ್ತೀರಿ. ತಾರೀಖು ಮತ್ತು ಕೀರ್ತನೆಯ ನಂಬರ್, ಅಷ್ಟು ಸಾಕು.

ಇನ್ನೊಂದು, ಮತ್ತೆ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ: ಈ ದಿನಗಳಲ್ಲಿ ದೊಡ್ಡ ತೀರ್ಮಾನ ಮಾಡಬೇಡಿ. ಇದನ್ನು 1548ರಲ್ಲೇ ಅಚ್ಚಾದ ತನ್ನ ಪುಸ್ತಕದಲ್ಲಿ ಇಗ್ನೇಷಿಯಸ್ ಲೊಯೋಲಾ ನಿಯಮವಾಗಿಯೇ ಬರೆದಿಟ್ಟಿದ್ದಾರೆ. ಒಳಗೆ ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಕತ್ತಲೆ ಬಂದಾಗ ಬದಲಿಸಬಾರದು ಅನ್ನುವುದು ಅದರ ಸಾರ. ಅವರು ಕ್ಯಾಥೊಲಿಕ್ ಸಂತ, ನಾನು ಪ್ರೊಟೆಸ್ಟೆಂಟ್ ಮನೆತನದವಳು, ಆದರೂ ಈ ಮಾತು ನನ್ನನ್ನು ಕಾಪಾಡಿತು. ಸಂಡೇ ಸ್ಕೂಲ್ ಬಿಡುತ್ತೇನೆ ಅಂತ ನಮ್ಮ ಸಭೆಯ ಪಾದ್ರಿ ಅಯ್ಯನವರಿಗೆ ಪತ್ರ ಬರೆದಿಟ್ಟಿದ್ದೆ. ಒಳಗೆ ಏನೂ ಇಲ್ಲದೆ ಮಕ್ಕಳಿಗೆ ಕಲಿಸುವುದು ಕಪಟ ಅನಿಸಿತ್ತು. ಪತ್ರ ಕೊಡಲಿಲ್ಲ. ಸಭೆ ಬದಲಿಸುವುದು, ಸೇವೆ ಬಿಡುವುದು, ದೇವರಿಲ್ಲ ಅಂತ ಮನೆಯಲ್ಲಿ ಘೋಷಿಸುವುದು, ಇಂಥದ್ದೆಲ್ಲ ಮುಂದಕ್ಕೆ ಹಾಕಿ.

ಒಬ್ಬರಿಗೆ ಹೇಳಿ, ಎಲ್ಲರಿಗೂ ಬೇಡ. ಕೂಡಲೇ ಔಷಧಿ ಹೇಳದವರನ್ನು ಆರಿಸಿಕೊಳ್ಳಿ. ನಾನು ನಮ್ಮ ಸಭೆಯ ಒಬ್ಬ ದೊಡ್ಡವ್ವನಿಗೆ ಹೇಳಿದೆ, ಕಣ್ಣಲ್ಲಿ ನೀರೇ ಬರಲ್ಲ, ಸುಮ್ನೆ ಬಾಯಿಂದ ಓದ್ತೀನಿ ಅಂತ. "ಓದವಾ. ನಾ ಆರಾಧನಾದಾಗ ನಿನ್ನ ಬಾಜೂಕ ಕುಂದರ್ತೀನಿ" ಅಂದಳು. ಪ್ರತಿ ಭಾನುವಾರ ಕೂತಳು. ನಾನು ಹಾಡದೆ ನಿಂತಾಗ ಗೀತೆ ಪುಸ್ತಕ ನನ್ನ ಕಡೆಗೆ ಸರಿಸಿ ತಾನು ಹಾಡುತ್ತಿದ್ದಳು.

2023ರ ಆಗಸ್ಟಿನಲ್ಲಿ ಒಂದು ದಿನ ಜೋಳದ ಹಿಟ್ಟು ಸೋಸುತ್ತಾ ಇದ್ದೆ. ಬಾಯಲ್ಲಿ ಒಂದು ಗೀತೆ ಇತ್ತು. ಎರಡನೇ ಚರಣಕ್ಕೆ ಬರುವಾಗ, ಇದನ್ನು ನಾನು ದೇವರಿಗೇ ಹಾಡುತ್ತಿದ್ದೇನೆ ಅಂತ ಗೊತ್ತಾಯಿತು. ಜರಡಿ ಕೆಳಗಿಟ್ಟೆ. ಯಾಕೆ ಅವತ್ತೇ ಅಂತ ನನ್ನನ್ನು ಕೇಳಬೇಡಿ.

ಅಯ್ಯನವರಿಗೆ ಬರೆದ ಆ ಪತ್ರ ಈಗಲೂ ನನ್ನ ಸತ್ಯವೇದದಲ್ಲಿ, 88ನೇ ಕೀರ್ತನೆಯ ಪುಟದಲ್ಲೇ ಇದೆ. ಹೋದ ತಿಂಗಳು ಯೌವನಸ್ಥರ ಗುಂಪಿನ ಹುಡುಗಿಯೊಬ್ಬಳು ಆರಾಧನೆ ಮುಗಿದ ಮೇಲೆ ಹಿಂದೆಯೇ ಉಳಿದಳು. "ಆಂಟಿ, ನಂಗೆ ಏನೂ ಅನ್ಸಲ್ಲ" ಅಂದಳು. ಪತ್ರ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಬೆಂಚಿನ ಮೇಲೆ ಕೂತು ಎರಡು ಸಲ ಓದಿದಳು, ತಾರೀಖು ನೋಡಿದಳು. ನಾನು ಅವಳ ಪಕ್ಕದಲ್ಲಿ ಕೂತೆ.