ನಮ್ಮೂರಿನ ಹಳೆಯ ಪ್ಯಾಸೆಂಜರ್ ಗಾಡಿಯ ನೆನಪುಗಳನ್ನು ದಾಖಲಿಸುವ ಬಗೆ

ಕರ್ನಾಟಕದ ಬಹುತೇಕ ಊರುಗಳು ರೈಲನ್ನು ಮೊದಲು ಕಂಡದ್ದು ಒಂದು ಮೀಟರ್ ಅಗಲದ ಹಳಿಯ ಮೇಲೆ. ಬೆಂಗಳೂರು–ಜೋಲಾರಪೇಟೆ, ವಾಡಿ–ರಾಯಚೂರು ಮುಂತಾದ ಬ್ರಾಡ್ ಗೇಜ್ (ಅಗಲ ಹಳಿಯ) ಮಾರ್ಗಗಳನ್ನು ಬಿಟ್ಟರೆ ಮೈಸೂರು, ಅರಸೀಕೆರೆ, ಬೀರೂರು, ಹರಿಹರ, ಹುಬ್ಬಳ್ಳಿ, ಗದಗ, ವಿಜಯಪುರಗಳ ನಡುವೆ ಓಡಾಡುತ್ತಿದ್ದವೆಲ್ಲ ಮೀಟರ್ ಗೇಜಿನ ಗಾಡಿಗಳು. ಯಲಹಂಕ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಇದ್ದದ್ದು ಅದಕ್ಕಿಂತಲೂ ಕಿರಿದಾದ, 762 ಮಿಲಿಮೀಟರ್ ಹಳಿಯ ಪುಟಾಣಿ ಗಾಡಿ. 1992ರಲ್ಲಿ ರೈಲ್ವೆ ಇಲಾಖೆಯು ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೂನಿಗೇಜ್ ಯೋಜನೆಯನ್ನು ಕೈಗೆತ್ತಿಕೊಂಡ ಮೇಲೆ ಈ ಹಳಿಗಳು ಒಂದೊಂದಾಗಿ ಎದ್ದುಹೋದವು. ಆ ಗಾಡಿಗಳಲ್ಲಿ ಕಾಲೇಜಿಗೆ ಹೋದವರು, ಸಂತೆಗೆ ತರಕಾರಿ ಹೊತ್ತವರು, ಎಂಜಿನ್ನಿಗೆ ಕಲ್ಲಿದ್ದಲು ಹಾಕಿದವರು ಇಂದು ವಯಸ್ಸಾದವರು. ಅವರಿಗೆ ಗೊತ್ತಿರುವುದರಲ್ಲಿ ಹೆಚ್ಚಿನ ಪಾಲು ಯಾವ ಕಡತದಲ್ಲಿಯೂ ಇಲ್ಲ. ಅದನ್ನು ಕೇಳಿ, ಪರೀಕ್ಷಿಸಿ, ಮುಂದಿನವರಿಗೆ ಉಪಯೋಗವಾಗುವಂತೆ ಬರೆದಿಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಇದಕ್ಕೆ ವಿಶೇಷ ತರಬೇತಿ ಬೇಕಿಲ್ಲ. ತಾಳ್ಮೆ, ಒಂದು ನೋಟುಪುಸ್ತಕ ಮತ್ತು ಧ್ವನಿಮುದ್ರಣ ಮಾಡಬಲ್ಲ ಒಂದು ಫೋನು ಇದ್ದರೆ ಸಾಕು.

ಮೊದಲು ಒಂದು ಮಾರ್ಗವನ್ನು ಆರಿಸಿಕೊಳ್ಳಿ

"ರೈಲಿನ ನೆನಪು" ಎಂದು ವಿಶಾಲವಾಗಿ ಹೊರಟರೆ ಎಲ್ಲರ ಬಾಯಲ್ಲೂ ಬರುವುದು ಹೊಗೆ, ಕೂಗು, ಕಣ್ಣಿಗೆ ಬಿದ್ದ ಕಲ್ಲಿದ್ದಲಿನ ಕಿಡಿ ಮತ್ತು ಕಿಟಕಿಯ ಪಕ್ಕದ ಜಾಗಕ್ಕಾಗಿ ಆಡಿದ ಜಗಳ. ಇವೆಲ್ಲ ನಿಜವೇ, ಆದರೆ ಯಾವ ಊರಿನ ಯಾವ ಗಾಡಿಗಾದರೂ ಹೊಂದುವ ಮಾತುಗಳು. ಆದ್ದರಿಂದ ಮೈಸೂರು–ನಂಜನಗೂಡು–ಚಾಮರಾಜನಗರ, ಶಿವಮೊಗ್ಗ–ತಾಳಗುಪ್ಪ, ಬಂಗಾರಪೇಟೆ–ಕೋಲಾರ ಹೀಗೆ ನಿಮ್ಮ ಬಂಧುಬಳಗ ಇರುವ ಒಂದು ಮಾರ್ಗವನ್ನು, ಸಾಧ್ಯವಾದರೆ ಅದರಲ್ಲಿಯೂ ಒಂದೇ ಒಂದು ನಿಲ್ದಾಣವನ್ನು ಆರಿಸಿಕೊಳ್ಳಿ. ಸಣ್ಣ ನಿಲ್ದಾಣವಾದಷ್ಟೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಜಂಕ್ಷನ್ನುಗಳ ಬಗ್ಗೆ ಯಾರಾದರೂ ಬರೆದಿರುತ್ತಾರೆ. ದಿನಕ್ಕೆ ನಾಲ್ಕು ಗಾಡಿ ನಿಲ್ಲುತ್ತಿದ್ದ ಊರಿನ ಬಗ್ಗೆ ನೀವು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.

ಯಾರನ್ನಾದರೂ ಮಾತನಾಡಿಸುವ ಮುನ್ನ ಆ ಮಾರ್ಗದ ಕಾಲಸೂಚಿಯೊಂದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹಳಿ ಯಾವಾಗ ಬಂತು, ಯಾವ ಆಡಳಿತದ ಕೆಳಗಿತ್ತು, ಗೇಜ್ ಪರಿವರ್ತನೆಗಾಗಿ ಯಾವಾಗ ಮುಚ್ಚಿತು, ಮತ್ತೆ ಯಾವಾಗ ತೆರೆಯಿತು ಎಂಬಷ್ಟಿದ್ದರೆ ಸಾಕು. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ ಮೈಸೂರನ್ನು ಮುಟ್ಟಿದ್ದು 1882ರಲ್ಲಿ. ಮೈಸೂರು ಸಂಸ್ಥಾನದ ರೈಲ್ವೆಯು ಇತರ ಎರಡು ರೈಲ್ವೆಗಳೊಡನೆ ಸೇರಿ ದಕ್ಷಿಣ ರೈಲ್ವೆಯಾದದ್ದು 1951ರ ಏಪ್ರಿಲ್‌ನಲ್ಲಿ. ಹುಬ್ಬಳ್ಳಿ ವಿಭಾಗ 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. ನೈಋತ್ಯ ರೈಲ್ವೆ ಹುಬ್ಬಳ್ಳಿಯನ್ನೇ ಕೇಂದ್ರವಾಗಿಟ್ಟುಕೊಂಡು ಕೆಲಸ ಆರಂಭಿಸಿದ್ದು 2003ರಲ್ಲಿ. ಇಂಥ ನಾಲ್ಕಾರು ಇಸವಿಗಳು ಕೈಯಲ್ಲಿದ್ದರೆ ಮುಂದೆ ಕೇಳಿದ ಮಾತನ್ನು ಎಲ್ಲಿ ಇಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಕೇಳುವ ಕ್ರಮ

"ಅಜ್ಜ, ನಿಮಗೆ ಹಳೇ ರೈಲಿನ ನೆನಪಿದೆಯಾ?" ಎಂದು ಕೇಳಿದರೆ "ಇಲ್ಲದೆ ಏನು, ಚೆನ್ನಾಗಿತ್ತು" ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು ಅವರ ಕೈಕಾಲುಗಳು ಏನು ಮಾಡುತ್ತಿದ್ದವು ಎಂಬುದನ್ನು ಕೇಳಿ. ಮನೆಯಿಂದ ಸ್ಟೇಷನ್ನಿಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ, ದಾರಿಯಲ್ಲಿ ಯಾರ ಗದ್ದೆ ಇತ್ತು, ಟಿಕೆಟ್ ಕಿಟಕಿ ಎಷ್ಟು ಎತ್ತರದಲ್ಲಿತ್ತು, ಹೊರೆಯನ್ನು ಬೋಗಿಯೊಳಗೆ ಯಾರು ಎತ್ತಿಕೊಡುತ್ತಿದ್ದರು, ಬೆಳಗಿನ ಗಾಡಿಯಲ್ಲಿ ಬಿಸಿಲು ಯಾವ ಕಡೆಯ ಕಿಟಕಿಗೆ ಬೀಳುತ್ತಿತ್ತು, ಯಾವ ನಿಲ್ದಾಣದಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತಿತ್ತು ಎಂಬಂಥ ಪ್ರಶ್ನೆಗಳಿಗೆ ಬರುವ ಉತ್ತರಗಳೇ ಬೇರೆ. ಕೊನೆಯ ಪ್ರಶ್ನೆಯನ್ನು ಮರೆಯದೆ ಕೇಳಿ. ಗಾಡಿ ಬಹಳ ಹೊತ್ತು ನಿಂತದ್ದು ಎದುರು ಗಾಡಿಯ ಕ್ರಾಸಿಂಗ್‌ಗಾಗಿಯೋ, ಎಂಜಿನ್ ನೀರು ಕುಡಿಯುವುದಕ್ಕಾಗಿಯೋ ಎಂಬುದು ಅದರಿಂದ ಗೊತ್ತಾಗುತ್ತದೆ. ಆ ನಿಲುಗಡೆಯ ಹೊತ್ತಿನಲ್ಲಿಯೇ ಇಡ್ಲಿ, ಮದ್ದೂರು ವಡೆ, ಸೌತೆಕಾಯಿ ಮಾರುವವರ ಬದುಕು ಸಾಗುತ್ತಿತ್ತು.

ಮಾತು ನಿಧಾನವಾದಾಗ ದೊಡ್ಡ ಬಿಳಿಯ ಹಾಳೆಯೊಂದನ್ನು ಮುಂದಿಟ್ಟು ಸ್ಟೇಷನ್ನಿನ ನಕ್ಷೆಯನ್ನು ಬರೆದುಕೊಡುವಂತೆ ಕೇಳಿಕೊಳ್ಳಿ. ಚಿತ್ರ ಬರೆಯಲು ಬರುವುದಿಲ್ಲ ಎನ್ನುವವರೂ ಪ್ಲಾಟ್‌ಫಾರ್ಮಿನ ಒಂದು ಗೆರೆ ಎಳೆದ ಮೇಲೆ ನೀರಿನ ಟ್ಯಾಂಕು, ಗೂಡ್ಸ್ ಶೆಡ್ಡು, ಮರದ ಕಟ್ಟೆ, ಮಾಸ್ತರರ ಕ್ವಾರ್ಟರ್ಸು ಎಂದು ಒಂದೊಂದನ್ನೇ ಅದರ ಜಾಗದಲ್ಲಿ ಕೂರಿಸುತ್ತಾ ಹೋಗುತ್ತಾರೆ. ಇಬ್ಬರು ಬೇರೆ ಬೇರೆಯಾಗಿ ಬರೆದ ನಕ್ಷೆಗಳು ಹೊಂದಿಕೊಂಡರೆ ಅದನ್ನು ಬಹುಮಟ್ಟಿಗೆ ನಂಬಬಹುದು.

ಪ್ರಯಾಣಿಕರಿಗಿಂತ ಹೆಚ್ಚು ಸಮಯವನ್ನು ನಿವೃತ್ತ ರೈಲ್ವೆ ನೌಕರರಿಗೆ ಕೊಡಿ. ಗ್ಯಾಂಗ್‌ಮನ್ (ಹಳಿ ದುರಸ್ತಿಯವರು), ಪಾಯಿಂಟ್ಸ್‌ಮನ್ (ಗಾಡಿಯ ಹಳಿ ಬದಲಿಸುವವರು), ಫೈರ್‌ಮನ್ (ಎಂಜಿನ್ನಿಗೆ ಕಲ್ಲಿದ್ದಲು ಹಾಕುವವರು), ಗೇಟ್ ಕಾಯುವವರು ಹೇಳುವ ವಿವರಗಳು ಪ್ರಯಾಣಿಕರ ಕಣ್ಣಿಗೆ ಬಿದ್ದಿರುವುದಿಲ್ಲ. ಟೋಕನ್ನಿನ ವಿಷಯವನ್ನೇ ತೆಗೆದುಕೊಳ್ಳಿ. ಒಂಟಿ ಹಳಿಯ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಅದಕ್ಕಾಗಿ ಎರಡೂ ಕಡೆಯ ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ವಿದ್ಯುತ್ ತಂತಿಯಿಂದ ಒಂದಕ್ಕೊಂದು ಬೆಸೆದ ನೀಲ್ಸ್ ಟೋಕನ್ ಯಂತ್ರಗಳಿರುತ್ತಿದ್ದವು. ಆಚೆಯ ಮಾಸ್ತರರು ಒಪ್ಪಿಗೆ ಕೊಟ್ಟಾಗ ಈಚೆಯ ಯಂತ್ರದಿಂದ ಒಂದು ಲೋಹದ ಗುಂಡು ಹೊರಬರುತ್ತಿತ್ತು. ಅದನ್ನು ಮತ್ತೆ ಯಂತ್ರದೊಳಕ್ಕೆ ಹಾಕುವವರೆಗೆ ಎರಡೂ ಕಡೆ ಇನ್ನೊಂದು ಗುಂಡು ಹೊರಗೆ ಬರುವಂತಿರಲಿಲ್ಲ. ಆ ಗುಂಡನ್ನು ಚರ್ಮದ ಚೀಲದಲ್ಲಿ ಹಾಕಿ, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ, ನಿಲ್ಲದೆ ಹೋಗುವ ಗಾಡಿಯ ಎಂಜಿನ್ನಿಗೆ ಪಾಯಿಂಟ್ಸ್‌ಮನ್ ಎತ್ತಿ ಹಿಡಿಯುತ್ತಿದ್ದರು. ಎಂಜಿನ್ನಿನಲ್ಲಿದ್ದವರು ಬಗ್ಗಿ, ಚಾಚಿದ ತೋಳನ್ನು ಬಳೆಯೊಳಗೆ ತೂರಿಸಿ ಅದನ್ನು ಎಳೆದುಕೊಳ್ಳುತ್ತಿದ್ದರು ಮತ್ತು ಹಿಂದಿನ ನಿಲ್ದಾಣದಿಂದ ತಂದ ಬಳೆಯನ್ನು ಕೆಳಕ್ಕೆ ಎಸೆಯುತ್ತಿದ್ದರು. ಈ ಕೆಲಸ ಮಾಡಿದವರು ಸಿಕ್ಕರೆ ಎದ್ದು ನಿಂತು ಮಾಡಿ ತೋರಿಸುವಂತೆ ಕೇಳಿ, ಅವರ ಒಪ್ಪಿಗೆ ಪಡೆದು ವಿಡಿಯೊ ಮಾಡಿಕೊಳ್ಳಿ. ಗಾಡಿಯ ವೇಗಕ್ಕೆ ತಕ್ಕಂತೆ ಹೇಗೆ ನಿಲ್ಲಬೇಕು, ರಾತ್ರಿಯ ಹೊತ್ತು ದೀಪವನ್ನು ಯಾವ ಕೈಯಲ್ಲಿ ಹಿಡಿಯಬೇಕು, ಮಳೆಯಲ್ಲಿ ಜಾರದಂತೆ ಏನು ಮಾಡಬೇಕು ಎಂಬುದನ್ನು ಅವರ ಮೈ ಮರೆತಿರುವುದಿಲ್ಲ.

ಹಿರಿಯರು ಮಾತಿಗೆ ಹಿಂಜರಿದರೆ ಮೊಮ್ಮಕ್ಕಳೊಡನೆ ಅವರನ್ನು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ. 1979ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ಹಬೆ ಎಂಜಿನ್‌ಗಳೂ ಮೈಸೂರು ಮಹಾರಾಣಿಯವರ ಸಲೂನ್ ಬೋಗಿಯೂ ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ಪುಟಾಣಿ ರೈಲೂ ಇವೆ. ಹಳೆಯ ಎಂಜಿನ್ನಿನ ಹಿಡಿಯನ್ನು ಮುಟ್ಟಿದಾಗ, ಮಗುವಿಗೆ ಏನನ್ನೋ ವಿವರಿಸುವಾಗ ಬರುವ ಮಾತು ಮನೆಯ ಜಗಲಿಯಲ್ಲಿ ಬರುವುದಿಲ್ಲ. ಫೋನನ್ನು ಅಂಗಿಯ ಜೇಬಿನಲ್ಲಿಟ್ಟು ಧ್ವನಿಮುದ್ರಣ ಮಾಡುವುದಾದರೆ ಅದನ್ನು ಅವರಿಗೆ ಮೊದಲೇ ತಿಳಿಸಿರಬೇಕು.

ಕೇಳಿದ್ದನ್ನು ಪರೀಕ್ಷಿಸುವುದು

ಪ್ರೀತಿಯಿಂದ ಹೇಳಿದ ನೆನಪನ್ನು ಪರೀಕ್ಷೆಗೆ ಒಡ್ಡುವುದು ಅಗೌರವವಲ್ಲ. ಹೇಳಿದವರ ಮಾತು ಮುಂದೆ ನಿಲ್ಲಬೇಕಾದರೆ ಅದು ಅಗತ್ಯ. ಇಸವಿ ನೆನಪಿಲ್ಲದಿದ್ದರೂ ಮಾತಿನೊಳಗೇ ಕಾಲದ ಗುರುತುಗಳಿರುತ್ತವೆ. ಟಿಕೆಟ್ಟಿಗೆ ಇಷ್ಟು ಆಣೆ ಎಂದು ಹೇಳಿದರೆ ಅದು ದಶಮಾಂಶ ನಾಣ್ಯ ಬಂದ 1957ರ ಆಸುಪಾಸು ಅಥವಾ ಅದಕ್ಕೂ ಹಿಂದಿನದು. ಮೂರನೆಯ ದರ್ಜೆ ಎಂದರೆ 1974ಕ್ಕಿಂತ ಮೊದಲಿನದು, ಏಕೆಂದರೆ ಆ ವರ್ಷ ಆ ದರ್ಜೆಯೇ ರದ್ದಾಯಿತು. ಎಂಜಿನ್ನಿನ ಮೇಲೆ "ವೈಪಿ" ಎಂದು ಬರೆದಿತ್ತು ಎಂದರೆ ಅದು ಸ್ವಾತಂತ್ರ್ಯದ ನಂತರ ಬಂದ ಮೀಟರ್ ಗೇಜಿನ ಪ್ಯಾಸೆಂಜರ್ ಹಬೆ ಎಂಜಿನ್. "ವೈಡಿಎಂ" ಎಂದರೆ ಡೀಸೆಲ್. ಹಾಸನದಿಂದ ಸಕಲೇಶಪುರದ ಘಾಟಿಯಲ್ಲಿ ರೈಲಿನಲ್ಲೇ ಮಂಗಳೂರಿಗೆ 1965ರಲ್ಲಿ ಮದುವೆಗೆ ಹೋಗಿದ್ದೆವು ಎಂದು ಯಾರಾದರೂ ಹೇಳಿದರೆ ಅಲ್ಲಿ ಎರಡು ಪ್ರಯಾಣಗಳು ಬೆರೆತಿವೆ ಎಂದರ್ಥ. ಆ ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಗೇಜ್ ಪರಿವರ್ತನೆಗೆಂದು 1990ರ ದಶಕದಲ್ಲಿ ಮುಚ್ಚಿದ ಅದರ ಮೇಲೆ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರಲ್ಲಿ. ಇಂಥ ಕಡೆ ಅವರನ್ನು ತಿದ್ದಲು ಹೋಗಬೇಡಿ. ಹೇಳಿದ್ದನ್ನು ಹಾಗೆಯೇ ಬರೆದು, ಪಕ್ಕದಲ್ಲಿ ನಿಮ್ಮ ಟಿಪ್ಪಣಿಯನ್ನು ಬೇರೆಯಾಗಿ ಬರೆಯಿರಿ.

ಪರದೆಯ ಮೇಲೆ ಕಂಡದ್ದು ಸ್ವಂತ ನೆನಪಿನೊಳಗೆ ಸೇರಿಕೊಳ್ಳುವುದೂ ಉಂಟು. ಮಾಲ್ಗುಡಿ ಡೇಸ್ ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯಗಳು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳಿನಲ್ಲಿ ಚಿತ್ರೀಕರಣಗೊಂಡವು. ಆ ಹಳೆಯ ಕಟ್ಟಡವನ್ನು ಈಗ ದುರಸ್ತಿ ಮಾಡಿ ಸಣ್ಣ ಸಂಗ್ರಹಾಲಯವನ್ನಾಗಿ ಉಳಿಸಿಕೊಂಡಿದ್ದಾರೆ. ಆ ಸುತ್ತಿನವರನ್ನು ಕೇಳುವಾಗ ಚಿತ್ರೀಕರಣಕ್ಕೆ ಮುಂಚಿನದ್ದನ್ನು, ಮತ್ತು ಮೀಟರ್ ಗೇಜಿನ ಕೊನೆಯ ವರ್ಷಗಳಲ್ಲಿ ಅದೇ ಹಳಿಯ ಮೇಲೆ ಓಡಿದ ರೈಲ್‌ಬಸ್ಸಿನ ಅನುಭವವನ್ನು ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಬೇಕು.

ಟಿಕೆಟ್ಟು, ಪಾಸು, ಫೋಟೊ

ಹಳೆಯ ಟ್ರಂಕು, ದೇವರ ಕೋಣೆಯ ಡಬ್ಬಿ, ಪಂಚಾಂಗದ ಪುಟಗಳ ನಡುವೆ ದಪ್ಪ ರಟ್ಟಿನ ಪುಟ್ಟ ಟಿಕೆಟ್ಟುಗಳು ಸಿಗುತ್ತವೆ. ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ಈ ಟಿಕೆಟ್ಟು ಸುಮಾರು 57 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲದ್ದು. ಕಂಪ್ಯೂಟರ್ ಟಿಕೆಟ್ಟು ಬರುವವರೆಗೂ ನಮ್ಮ ಸ್ಟೇಷನ್ನುಗಳಲ್ಲಿ ಇದೇ ನಡೆಯುತ್ತಿತ್ತು. ಹೊರಟ ಮತ್ತು ಸೇರುವ ನಿಲ್ದಾಣ, ದರ್ಜೆ, ದರ, ಕ್ರಮಸಂಖ್ಯೆ ಅಚ್ಚಾಗಿರುತ್ತವೆ. ತಾರೀಖನ್ನು ಮಾತ್ರ ಟಿಕೆಟ್ಟು ಕೊಡುವಾಗ ಕಬ್ಬಿಣದ ಯಂತ್ರದೊಳಗೆ ತೂರಿಸಿ ಒತ್ತುತ್ತಿದ್ದರು. ಮಸಿ ಮಾಸಿ ತಾರೀಖು ಕಾಣದಿದ್ದರೆ ಕತ್ತಲ ಕೋಣೆಯಲ್ಲಿ ಟಿಕೆಟ್ಟನ್ನು ಮೇಜಿನ ಮೇಲಿಟ್ಟು, ಟಾರ್ಚಿನ ಬೆಳಕನ್ನು ಪಕ್ಕದಿಂದ, ಮೇಜಿನ ಮಟ್ಟದಲ್ಲಿ ಹಾಯಿಸಿ ನೋಡಿ. ಒತ್ತಿದ ಗುರುತು ಉಳಿದಿದ್ದರೆ ಅಂಕಿಗಳು ನೆರಳಾಗಿ ಎದ್ದು ಕಾಣುತ್ತವೆ. ಹಾಗೆಯೇ ಫೋಟೊ ತೆಗೆದುಕೊಳ್ಳಿ. ಊರಿನ ಹೆಸರೂ ಕಾಲವನ್ನು ಹೇಳುತ್ತದೆ: "ಬೌರಿಂಗ್‌ಪೇಟೆ" ಎಂದು ಅಚ್ಚಾದ ಟಿಕೆಟ್ಟು ಬಂಗಾರಪೇಟೆ ಎಂಬ ಹೆಸರು ಬರುವುದಕ್ಕೆ ಮೊದಲಿನದು.

ಟಿಕೆಟ್ಟುಗಳಿಗೆ ಅಂಟು ಟೇಪು ಹಾಕಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ; ಎರಡೂ ಕಾಲಕ್ರಮದಲ್ಲಿ ಕಾಗದವನ್ನು ಹಾಳುಮಾಡುತ್ತವೆ. ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ, ಒಣಗಿದ ಕಾಗದದ ಲಕೋಟೆಯಲ್ಲಿಟ್ಟು, ಯಾರದ್ದು, ಯಾವ ಪ್ರಯಾಣದ್ದು ಎಂಬುದನ್ನು ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಮೂಲವನ್ನು ಮನೆಯವರಿಗೇ ಹಿಂದಿರುಗಿಸಿ.

ಸ್ಥಳಕ್ಕೆ ಹೋಗಿ ನೋಡುವುದು

ಹಳಿ ಹೋದರೂ ಅದರ ಗುರುತು ಪೂರ್ತಿ ಹೋಗಿರುವುದಿಲ್ಲ. ಮಾರ್ಗವನ್ನು ನೇರಗೊಳಿಸಿದ ಕಡೆಗಳಲ್ಲಿ ಹಳೆಯ ಏರಿಯೂ ಸಣ್ಣ ಮೋರಿಗಳೂ ಹೊಲಗಳ ನಡುವೆ ಉಳಿದಿರುತ್ತವೆ. ನಂಜನಗೂಡಿನಲ್ಲಿ ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆಯ ಮೇಲೆಯೇ ಮೀಟರ್ ಗೇಜ್ ಗಾಡಿಯೂ ಎತ್ತಿನ ಬಂಡಿಗಳೂ ಬಸ್ಸುಗಳೂ ಹೋಗುತ್ತಿದ್ದವು. ಬ್ರಾಡ್ ಗೇಜಿಗೆ ಹೊಸ ಸೇತುವೆ ಬಂತು. ಸರ್ವೇ ಆಫ್ ಇಂಡಿಯಾದ ಹಳೆಯ ನಕ್ಷೆಗಳಲ್ಲಿ ಬ್ರಾಡ್ ಗೇಜಿಗೂ ಇತರ ಗೇಜುಗಳಿಗೂ ಬೇರೆ ಬೇರೆ ಗುರುತುಗಳಿರುವುದರಿಂದ ಅವನ್ನು ಇಂದಿನ ಉಪಗ್ರಹ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಎಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ.

ಸ್ಟೇಷನ್ನಿನ ಬೇಲಿಯ ಕಂಬಗಳನ್ನು ಗಮನಿಸಿ. ಕಳಚಿದ ಹಳಿಗಳನ್ನು ತುಂಡು ಮಾಡಿ ಕಂಬಗಳಾಗಿ ನೆಡುವುದು ರೈಲ್ವೆಯ ಹಳೆಯ ರೂಢಿ. ಹಳಿಯ ಪಕ್ಕದ ಸಪಾಟು ಭಾಗದಲ್ಲಿ ಅದನ್ನು ತಯಾರಿಸಿದ ಕಾರ್ಖಾನೆಯ ಹೆಸರು, ಇಸವಿ, ಗಜಕ್ಕೆ ಇಷ್ಟು ಪೌಂಡು ಎಂಬ ತೂಕ ಉಬ್ಬಕ್ಷರಗಳಲ್ಲಿರುತ್ತವೆ. ಬಣ್ಣದ ಪದರಗಳಿಂದ ಅಕ್ಷರ ಕಾಣದಿದ್ದರೆ ತೆಳುವಾದ ಕಾಗದವನ್ನು ಅದುಮಿ ಹಿಡಿದು ಪೆನ್ಸಿಲನ್ನು ಅಡ್ಡಲಾಗಿ ಉಜ್ಜಿರಿ; ಬಣ್ಣವನ್ನು ಕೆರೆಯಲು ಹೋಗಬೇಡಿ.

ಗಾಡಿ ಓಡುವ ಹಳಿಯ ಮೇಲೆ ಕಾಲಿಡಬೇಡಿ. ಅನುಮತಿಯಿಲ್ಲದೆ ರೈಲ್ವೆ ಜಾಗಕ್ಕೆ ನುಗ್ಗುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಪರಾಧ, ಮತ್ತು ಇಂದಿನ ವಿದ್ಯುತ್ ಎಂಜಿನ್ನಿನ ಗಾಡಿ ಹತ್ತಿರ ಬರುವವರೆಗೂ ಕಿವಿಗೆ ಬೀಳುವುದಿಲ್ಲ. ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು, ಸ್ಟೇಷನ್ ಮಾಸ್ತರರಿಗೆ ಉದ್ದೇಶವನ್ನು ತಿಳಿಸಿ, ಅವರ ಅನುಮತಿಯೊಡನೆ ನೋಡಿ.

ಬರೆಯುವುದು ಮತ್ತು ಒಪ್ಪಿಸುವುದು

ಧ್ವನಿಮುದ್ರಣವನ್ನು ಆದಷ್ಟು ಬೇಗ, ಸಾಧ್ಯವಾದರೆ ಅದೇ ವಾರದಲ್ಲಿ ಬರಹಕ್ಕೆ ಇಳಿಸಿ. ಹೇಳಿದವರ ಆಡುಮಾತನ್ನು ಗ್ರಂಥಭಾಷೆಗೆ ತಿರುಗಿಸಬೇಡಿ. "ಸಿಗ್ನಲ್ ಬಿತ್ತು" ಎಂದು ಅವರು ಹೇಳಿದ್ದರೆ ಹಾಗೆಯೇ ಇರಲಿ. ರೆಕ್ಕೆಯಂತಹ ಪಟ್ಟಿ ಕೆಳಕ್ಕೆ ವಾಲಿದಾಗ ಗಾಡಿಗೆ ದಾರಿ ಎಂದು ತೋರಿಸುತ್ತಿದ್ದ ಹಳೆಯ ಸಿಗ್ನಲ್ ಅಲ್ಲಿತ್ತು ಎಂಬುದಕ್ಕೆ ಆ ಮಾತೇ ಸಾಕ್ಷಿ. ಪ್ರತಿಯೊಂದು ಬರಹದ ತಲೆಯಲ್ಲಿ ಹೇಳಿದವರ ಹುಟ್ಟಿದ ವರ್ಷ, ಮಾಡುತ್ತಿದ್ದ ಕೆಲಸ, ಅವರು ಬಲ್ಲ ಮಾರ್ಗ, ಮಾತನಾಡಿದ ದಿನ ಇವಿಷ್ಟನ್ನು ನಮೂದಿಸಿ. ಹೆಸರನ್ನು ಪ್ರಕಟಿಸಬಹುದೇ ಎಂದು ಕೇಳಿ, ಬೇಡವೆಂದರೆ ಬಿಟ್ಟುಬಿಡಿ.

ಬರಹ ಮುಗಿದ ಮೇಲೆ ಅದನ್ನು ಅವರ ಮುಂದೆ ಓದಿ ಹೇಳಿ. ಈ ಹಂತವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಆದರೆ ಮರೆತಿದ್ದ ಸಂಗತಿಗಳು ಹೊರಬರುವುದು ಹೆಚ್ಚಾಗಿ ಆಗಲೇ. ಒಂದು ಮುದ್ರಿತ ಪ್ರತಿ ಅವರ ಮನೆಯಲ್ಲಿ, ಒಂದು ಊರಿನ ಗ್ರಂಥಾಲಯದಲ್ಲಿ, ಒಂದು ಶಾಲೆಯಲ್ಲಿ ಇರಲಿ. ಧ್ವನಿ ಮತ್ತು ಚಿತ್ರದ ಕಡತಗಳನ್ನು ಫೋನಿನಲ್ಲಷ್ಟೇ ಉಳಿಸದೆ ಕನಿಷ್ಠ ಎರಡು ಬೇರೆ ಜಾಗಗಳಲ್ಲಿ ಇಡಿ, ಮತ್ತು ಕಡತದ ಹೆಸರಿನಲ್ಲಿಯೇ ಮಾರ್ಗ, ನಿಲ್ದಾಣ, ಇಸವಿ ಬರುವಂತೆ ನೋಡಿಕೊಳ್ಳಿ.